ಮೇಲೆ ಜಾಗವಿದೆ

ಹೊಸ ನೀಲಿ ಬಣ್ಣದ ವಾಸನೆ ಗಂಟಲಿಗೆ ಹತ್ತುತ್ತಿದೆ, ಕಬ್ಬಿಣದ ಕಂಬಕ್ಕೆ ಕುಂಕುಮ ಇಟ್ಟರೆ ನಿಲ್ಲದೆ ಉದುರುತ್ತದೆ, ಇವರು ಮಾತ್ರ ಬಂದವರಿಗೆಲ್ಲ ಕತ್ತೆತ್ತಿ ನೋಡಿ, ಕತ್ತೆತ್ತಿ ನೋಡಿ ಎನ್ನುತ್ತಿದ್ದಾರೆ, ನೋಡುವುದೇನು, ಬಾಗಿಲ ಮೇಲೆ ಸುಂದರೇಶ ಎಂದು ಇವರ ಹೆಸರು ಬರೆಸಿದ ಬನ್ನಿಮಂಟಪದ ಈ ಗೋಡೌನಿನಲ್ಲಿ ಮದುವೆಗಳಿಗೆ ಬಾಡಿಗೆಗೆ ಕೊಡುವ ಪಾತ್ರೆ, ಕುರ್ಚಿ, ಜಮಖಾನ, ಅವನ್ನು ರ್ಯಾಕುಗಳಲ್ಲಿ ಸೂರಿನ ತನಕ ಜೋಡಿಸಿದ್ದಕ್ಕೆ ಪೂಜೆ, ಬಾದಾಮಿ ಹಾಲು, ಫೋಟೋದವನು, ಅವನಿಗೂ ಇವರ ಉಪದೇಶ — ನಾವೆಲ್ಲ ನೆಲ ನೋಡ್ಕೊಂಡು ಕೂತಿದ್ವಿ ಕಣ್ರೀ, ಜಾಗ ಇರೋದು ಮೇಲೆ. ಆಹಾ. ವಾರಗಟ್ಟಲೆ ಇದೇ ಮಾತು, ಊಟಕ್ಕೆ ಕೂತಾಗ ಹಪ್ಪಳದ ಮೇಲೆ ಹಪ್ಪಳ ಇಟ್ಟು ತೋರಿಸಿದ್ದೂ ಆಯಿತು, ಮದುವೆಯಾದ ಹೊಸದರಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗಲೂ ಹೀಗೇ, ಹೇಗೆ ಉಸಿರಾಡಬೇಕೆಂದು ನನಗೆ ಪಾಠ ಹೇಳುತ್ತ ಹೇಳುತ್ತ ಅರ್ಧಕ್ಕೇ ಏದುಸಿರು ಬಿಟ್ಟು ಕೂತ ಮಹಾಶಯರು. ನಿನ್ನೆ ಹೇಳಿದೆ, ಕೊಪ್ಪರಿಗೆಗಳನ್ನು ಕೆಳಗಿಡಿಸಿ, ಅಷ್ಟು ಭಾರ ಮೇಲೆ ಬೇಡ, ಸಾಮಾನು ಹೊರುವ ದೇವಯ್ಯನೂ ಅಂದ, ಅಮ್ಮಾವ್ರು ಹೇಳೋದು ದಿಟ ಸಾ, ಕಂಬ ಅಲ್ಲಾಡ್ತದೆ — ಇವರು ನಕ್ಕರು, ತಾಮ್ರ ಮೇಲಿದ್ರೆ ಬಾಗಿಲಿಂದಾನೇ ಹೊಳೆಯತ್ತೆ ಕಣೇ ಅಲಮೇಲು, ನಿಂಗೆ ಅಡುಗೆಮನೆ ಶೆಲ್ಫೇ ಲೋಕ. ಹೌದು, ನನ್ನ ಶೆಲ್ಫು ಇದುವರೆಗೆ ಯಾರ ತಲೆಯ ಮೇಲೂ ಬಿದ್ದಿಲ್ಲ.

ಬಾ, ಫೋಟೋಗೆ ನಿಂತ್ಕೋ, ಮುಖ ಗಂಟು ಹಾಕ್ಕೋಬೇಡ — ರ್ಯಾಕಿನ ಬುಡದಲ್ಲೇ ನಿಲ್ಲಿಸಿ ಹೆಗಲ ಮೇಲೆ ಕೈ ಇಟ್ಟರು, ನಾಲ್ಕು ಜನ ನೋಡಲೆಂದು ಇಟ್ಟ ಕೈ, ಬೆವರುತ್ತಿದೆ, ಮೇಲೆಲ್ಲೋ ಟಣ್ ಎಂದಿತು, ಬೋಲ್ಟೊಂದು ನನ್ನ ಚಪ್ಪಲಿಯ ಹತ್ತಿರ ಬಿತ್ತು, ಅಡ್ಡಪಟ್ಟಿ ಬಾಗುತ್ತಿದೆ, ಹೆಗಲ ಮೇಲಿನ ಕೈ ನನ್ನನ್ನು ಹಿಡಿದು ಎಳೆಯುತ್ತದೆ ಅಂದುಕೊಂಡೆ, ಅಂದುಕೊಂಡೆನಲ್ಲ ನಾನೂ, ಅದು ಹೆಗಲನ್ನೇ ಒತ್ತಿ, ನೂಕಿ, ಹೊರಟೇಹೋಯಿತು, ಅಮ್ಮಾ ಎಂದು ಕೂಗಿ ದೇವಯ್ಯ ತೋಳು ಹಿಡಿದು ಎಳೆದದ್ದು ಆಮೇಲೆ, ನಾನು ನಿಂತಿದ್ದ ಕಡೆ ಕೊಪ್ಪರಿಗೆ ಬಿದ್ದು ಗಿರಗಿರ ತಿರುಗಿದ್ದು ಆಮೇಲೆ. ಈಗ ಬಂದಿದ್ದಾರೆ, ನಿಂಗೇನೂ ಆಗ್ಲಿಲ್ವಲ್ಲ, ಜನ ಕರೆಯೋಕೆ ಓಡ್ದೆ ಕಣೇ, ಎಲ್ಲ ರ್ಯಾಕಿನೋರ ತಪ್ಪು — ಜನ ಇಲ್ಲೇ ಇದ್ದರಲ್ಲ, ಬಾದಾಮಿ ಹಾಲು ಹಿಡಿದುಕೊಂಡು. ನೀರು ಕೊಡುತ್ತಿದ್ದಾರೆ, ಕುಡಿಯುತ್ತೇನೆ, ನಾಳೆ ಕೊಪ್ಪರಿಗೆಗಳನ್ನು ಕೆಳಗಿಡಿಸಿ ಅದೂ ತಮ್ಮದೇ ಯೋಚನೆ ಎನ್ನುತ್ತಾರೆ, ಎನ್ನಲಿ, ಬಾಯಿ ಆಡುತ್ತಿದೆ, ಎದುರಿಗೇ ಕೂತಿದ್ದಾರೆ, ಆದರೂ ಮುಖ ಕಾಣುತ್ತಿಲ್ಲ, ಬೆನ್ನು ಕಾಣುತ್ತದೆ, ಪಂಚೆ ಎತ್ತಿ ಹಿಡಿದು ಶಟರಿನ ಬೆಳಕಿನ ಕಡೆಗೆ ಓಡುವ ಬೆನ್ನು, ಒಮ್ಮೆಯೂ ತಿರುಗದ ಬೆನ್ನು, ಸುಂದರೇಶನ ಬೆನ್ನು, ಬೆನ್ನು —