ತಲೆ ಎಣಿಕೆಯ ಶುಕ್ರವಾರ

ಯೋತಮು ಲೊಂಗ್ವೆ ಮೂವತ್ತಮೂರು ವರ್ಷ ಸರ್ಕಾರಿ ಗಾಡಿ ಓಡಿಸಿದವನು. ಅಷ್ಟು ವರ್ಷದಲ್ಲಿ ಒಂದು ಕೋಳಿಮರಿಯೂ ಅವನ ಚಕ್ರಕ್ಕೆ ಸಿಕ್ಕಿರಲಿಲ್ಲ. ಅರವತ್ತಕ್ಕೆ ನಿವೃತ್ತನಾಗಿ ಸರೋವರದ ದಂಡೆಯ ನ್ಖಾತಾ ಬೇಗೆ ಮರಳಿ, ಏಳನೇ ತಿಂಗಳಲ್ಲಿ ತನ್ನದೇ ಅಂಗಳದಲ್ಲಿ, ಹೆಂಡತಿಯ ಆಡಿನ ಹಗ್ಗಕ್ಕೆ ಎಡವಿ ಬಿದ್ದು ಬಲಗಾಲು ಮುರಿದುಕೊಂಡ. ಆಸ್ಪತ್ರೆಯವರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಕಾಲು ಊರಬೇಡ ಎಂದು ಕಳಿಸಿದರು. ನೋಡಲು ಬಂದವರೆಲ್ಲ ಮೊದಲು ಆಡನ್ನು ನೋಡಿ, ಆಮೇಲೆ ಅವನ ಕಡೆ ತಿರುಗುತ್ತಿದ್ದರು.

ಪ್ಲಾಸ್ಟರ್ ಬಿದ್ದು ಎರಡನೇ ವಾರ, ಗುರುವಾರ ಸಂಜೆ, ಹೆಂಡತಿ ಪೇಟೆಯಿಂದ ಬಂದಳು. ಮ್ವಾಲೆ ಮನೆತನದ ಮಗಳಾದ್ದರಿಂದ ಊರಿಗೆಲ್ಲ ಅವಳು ನ್ಯಾಮ್ವಾಲೆ. ಒಣಮೀನಿನ ವ್ಯಾಪಾರ ಅವಳದು. ತಲೆಯ ಮೇಲಿನ ಬುಟ್ಟಿಯನ್ನು ಇಳಿಸುವ ಮೊದಲೇ ಸುದ್ದಿ ಹೇಳಿದಳು. ಪಿಂಚಣಿದಾರರ ತಲೆ ಎಣಿಕೆ ನಡೆಯುತ್ತಿದೆಯಂತೆ, ಘಟ್ಟದ ಮೇಲೆ ಮ್ಜುಜುವಿನಲ್ಲಿ. ಪ್ರತಿಯೊಬ್ಬರೂ ಖುದ್ದಾಗಿ ಹೋಗಿ ತಾವು ಬದುಕಿರುವುದನ್ನು ತೋರಿಸಬೇಕಂತೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ. ಹೋಗದವರ ಪಿಂಚಣಿ ಮುಂದಿನ ಎಣಿಕೆಯವರೆಗೆ ನಿಲ್ಲುತ್ತದೆ.

ಯೋತಮು ಪರಿಚಯದವರಿಗೆ ಫೋನು ಹಚ್ಚಿ ವಿಚಾರಿಸಿದ. ಸುದ್ದಿ ನಿಜವೇ ಆಗಿತ್ತು. ಆದರೆ ಹೋಗುವುದು ಹೇಗೆ? ಐದು ದಿನದಿಂದ ಬಂಕುಗಳಲ್ಲಿ ಎಣ್ಣೆ ಇರಲಿಲ್ಲ. ಮಿನಿಬಸ್ಸುಗಳು ನಿಲ್ದಾಣದಲ್ಲಿ ಸಾಲಾಗಿ ನಿಂತು, ಅವುಗಳ ನೆರಳಿನಲ್ಲಿ ಡ್ರೈವರುಗಳು ನಿದ್ದೆ ಹೊಡೆಯುತ್ತಿದ್ದರು. ಮನೆಯ ಮುಂದೆ ಮಾವಿನ ಮರದಡಿ ಅವನ ಪಿಕಪ್ ನಿಂತಿತ್ತು. ಸರ್ಕಾರ ಹಳೆಯ ಗಾಡಿಗಳನ್ನು ಹರಾಜು ಹಾಕಿದಾಗ, ನಿವೃತ್ತಿಯಲ್ಲಿ ಬಂದ ಇಡಿಗಂಟಿನಿಂದ ಕೊಂಡದ್ದು. ಎರಡು ಸಾಲು ಸೀಟಿನ ಬಿಳಿ ಗಾಡಿ. ಹಳೇ ಡ್ರೈವರುಗಳ ಅಭ್ಯಾಸದಂತೆ ಅವನು ಒಂದು ಕ್ಯಾನು ಡೀಸೆಲ್ಲನ್ನೂ ಎತ್ತಿಟ್ಟಿದ್ದ. ಗಾಡಿ ಇತ್ತು, ಎಣ್ಣೆ ಇತ್ತು. ಇಲ್ಲದ್ದು ಕಾಲು ಮಾತ್ರ.

"ನಾನು ಓಡಿಸ್ತೀನಿ," ಅಂದಳು ನ್ಯಾಮ್ವಾಲೆ.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮ್ಜುಜುಗೆ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

ಅವಳು ಕಲಿಯಲು ಶುರುಮಾಡಿ ಎರಡು ತಿಂಗಳಾಗಿತ್ತು. ಕಲಿಯುವವರ ಪರವಾನಗಿಯೂ ಇತ್ತು. ಆದರೆ ಓಡಿಸಿದ್ದೆಲ್ಲ ಶಾಲೆಯ ಮೈದಾನದಲ್ಲಿ, ಎರಡನೇ ಗೇರಿನಲ್ಲಿ, ದುಂಡಗೆ. ಪಾಠದ ಮೊದಲ ವಾರ ಯೋತಮು ಅವಳ ಮೇಲೆ ಎಷ್ಟು ರೇಗುತ್ತಿದ್ದನೆಂದರೆ, ಒಂದು ದಿನ ಅವಳು ಮೈದಾನದ ನಡುವೆ ಗಾಡಿ ನಿಲ್ಲಿಸಿ, ಕೀಲಿ ಕಿತ್ತು ಕುಪ್ಪಸದೊಳಗೆ ಇಟ್ಟುಕೊಂಡು, ನಿಮ್ಮ ಸಾಹೇಬರುಗಳ ಹತ್ತಿರ ಮೂವತ್ತಮೂರು ವರ್ಷ ಯಾವ ದನಿಯಲ್ಲಿ ಮಾತಾಡಿದಿರೋ ಅದೇ ದನಿಯಲ್ಲಿ ಹೇಳಿದರೆ ಮಾತ್ರ ಕಲಿಯುತ್ತೇನೆ ಎಂದಿದ್ದಳು. ಅವತ್ತು ಯೋತಮು ಕಂಕುಳಲ್ಲಿ ಟೋಪಿ ಸಿಕ್ಕಿಸಿಕೊಂಡು ನಡೆದೇ ಮನೆಗೆ ಬಂದಿದ್ದ.

"ನೀನು ಗೋಲು ಕಂಬಕ್ಕೆ ಗುದ್ದಿದವಳು," ಅಂದ ಅವನು. "ಬದುಕಿದ್ದೀನಿ ಅಂತ ತೋರಿಸೋಕೆ ಹೋಗಿ ದಾರೀಲೇ ಸತ್ತರೆ?"

"ಆಗ ತೋರಿಸೋ ಕೆಲಸಾನೇ ಉಳಿಯಲ್ಲ ಬಿಡಿ, ಅದಾದಾ." ಗಂಡನನ್ನು ಅವಳು ಕರೆಯುತ್ತಿದ್ದುದು ಹಾಗೆ, ಅಪ್ಪಾ ಎನ್ನುವ ಗೌರವದಲ್ಲಿ.

ಬೆಳಗಿನ ಎಂಟಕ್ಕೆ ಹೊರಟರು. ನ್ಯಾಮ್ವಾಲೆ ಚರ್ಚಿನ ಮಹಿಳಾ ಸಂಘದ ಬಿಳಿ ಕುಪ್ಪಸ, ಕರಿ ಲಂಗ ತೊಟ್ಟಿದ್ದಳು. ಇವತ್ತೇನು ಭಾನುವಾರವೇ ಎಂದು ಅವನು ಕೇಳಿದ್ದಕ್ಕೆ, ಪೊಲೀಸರು ಸಂಘದ ಹೆಂಗಸರನ್ನು ಗದರಿಸುವುದಿಲ್ಲ ಎಂದಳು. ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಎಸೆದು, ಬರಿಗಾಲನ್ನು ಪೆಡಲುಗಳ ಮೇಲಿಟ್ಟಳು. ನೆರೆಯವಳು ಬೇಲಿಯಾಚೆಯಿಂದ ಕೈಮುಗಿದು ಒಂದು ಚಿಕ್ಕ ಪ್ರಾರ್ಥನೆಯನ್ನೇ ಮುಗಿಸಿದಳು. ಗಾಡಿ ಎರಡು ಸಲ ಬಿಕ್ಕಿ, ಮೂರನೆಯದಕ್ಕೆ ಹೊರಟಿತು.

ಎದುರಿಗೆ ಸೈಕಲ್ ಕಂಡರೂ ಯೋತಮುವಿನ ಪ್ಲಾಸ್ಟರ್ ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕು ಇರಲಿಲ್ಲ. ಸೇತುವೆ ದಾಟುವಾಗ ಎರಡು ಸಲ ಒತ್ತಿದ. ಗುದ್ದಿದ ಸದ್ದಿಗೆ ನ್ಯಾಮ್ವಾಲೆ, ಆ ಕಾಲಲ್ಲಿ ನೆಲ ತೂತು ಮಾಡಿದರೆ ಮಳೆಗಾಲದಲ್ಲಿ ನೀವೇ ಒದ್ದೆಯಾಗುತ್ತೀರಿ ಎಂದಳು. ಕಣ್ಣು ರಸ್ತೆಯಿಂದ ಕದಲಲಿಲ್ಲ. ಸ್ಟಿಯರಿಂಗನ್ನು ಅವಳು ಮೀನಿನ ಬುಟ್ಟಿಯ ಅಂಚು ಹಿಡಿದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಊರು ದಾಟಿದ ಮೇಲೆ ಪೊಲೀಸ್ ತಡೆ ಸಿಕ್ಕಿತು. ಒಬ್ಬ ಹೆಣ್ಣು ಪೇದೆ ಬಂದು ಕಿಟಕಿಯೊಳಗೆ ಬಗ್ಗಿ, ಅವಳ ಪರವಾನಗಿ, ಅವನ ಲೈಸೆನ್ಸು ಎರಡನ್ನೂ ತಿರುವಿ ತಿರುವಿ ನೋಡಿದಳು. ಆಮೇಲೆ ಪ್ಲಾಸ್ಟರಿನ ಮೇಲೆ ಕಣ್ಣು ನಿಂತಿತು.

"ಇವರಿಗೆ ಕಲಿಸ್ತಿರೋರು ನೀವಾ?"

"ಹೌದಮ್ಮ."

"ಕಾಲು ಪಾಠದಲ್ಲಿ ಹೋಯ್ತಾ?"

"ಇಲ್ಲಮ್ಮ. ಆಡಿನಿಂದ."

ಪೇದೆ ನಗು ತಡೆಯಲಾರದೆ ಹಿಂದೆ ತಿರುಗಿ ತಡೆಯ ಅಡ್ಡಕಂಬ ಎತ್ತಿದಳು. ಘಟ್ಟದಲ್ಲಿ ರಬ್ಬರ್ ಲಾರಿಯೊಂದು ಕೆಟ್ಟು ನಿಂತಿದೆ, ನಿಧಾನ ಹೋಗಿ ಎಂದು ಕೂಗಿ ಹೇಳಿದಳು.

ಆ ಲಾರಿ ಸಿಕ್ಕಿದ್ದು ಎಲ್ಲಕ್ಕಿಂತ ಕಡಿದಾದ ತಿರುವಿನಲ್ಲಿ. ಅರ್ಧ ರಸ್ತೆಯನ್ನು ನುಂಗಿಕೊಂಡು ನಿಂತಿತ್ತು. ಮೇಲಿನಿಂದ ಮರದ ದಿಮ್ಮಿ ಹೊತ್ತ ಇನ್ನೊಂದು ಲಾರಿ ಇಳಿಯುತ್ತಿತ್ತು. ನ್ಯಾಮ್ವಾಲೆ ದಾರಿ ಬಿಡಲು ಬ್ರೇಕು ಒತ್ತಿದಳು. ಎಂಜಿನ್ನು ಸತ್ತಿತು. ದಿಮ್ಮಿಯ ಲಾರಿ ಕೂದಲೆಳೆಯಷ್ಟು ಜಾಗದಲ್ಲಿ ಪಕ್ಕದಲ್ಲೇ ಸರಿದುಹೋದಾಗ ಹಸಿ ಮರದ ವಾಸನೆ ಗಾಡಿಯೊಳಗೆ ತುಂಬಿತು. ಇನ್ನು ಏರಿನಲ್ಲಿ ಹೊರಡಬೇಕು. ಮೈದಾನ ಚಪ್ಪಟೆ, ಅಲ್ಲಿ ಈ ಪಾಠ ಆಗಿರಲೇ ಇಲ್ಲ.

ಮೊದಲ ಸಲ ಗಾಡಿ ಒಂದು ಗೇಣು ಹಿಂದಕ್ಕೆ ಜಾರಿ ಸತ್ತಿತು. ಎರಡನೇ ಸಲ ಒಂದು ಮೊಳ. ಹಿಂದೆ ಬಾಳೆಗೊನೆಯ ಸೈಕಲ್ ತಳ್ಳಿಕೊಂಡು ಬರುತ್ತಿದ್ದವರು ಸೈಕಲ್ಲುಗಳನ್ನು ಚರಂಡಿಗೆ ಎಳೆದುಕೊಂಡರು. ಯೋತಮುವಿಗೆ ರೇಗಿತು. ಬಾಯಿ ತೆರೆದ. ಆಗ ಅವಳ ಕುತ್ತಿಗೆಯ ನರ ಅವನ ಕಣ್ಣಿಗೆ ಬಿತ್ತು. ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಹೆದರಿದ್ದನ್ನು ಅವನು ಎರಡೋ ಮೂರೋ ಸಲ ಮಾತ್ರ ಕಂಡಿದ್ದ. ಬಂದ ಬೈಗುಳವನ್ನು ನುಂಗಿಕೊಂಡ.

"ಕಿವಿ ಕೊಡು," ಅಂದ ಮೆಲ್ಲಗೆ. "ಹ್ಯಾಂಡ್ ಬ್ರೇಕ್ ನನ್ನ ಕೈಲಿದೆ, ಗಾಡಿ ಎಲ್ಲೂ ಹೋಗಲ್ಲ. ಆಕ್ಸಿಲರೇಟರ್ ಸ್ವಲ್ಪ ಕೊಡು. ಎಡಗಾಲು ನಿಧಾನಕ್ಕೆ ಬಿಡ್ತಾ ಬಾ. ಎಂಜಿನ್ ಸದ್ದು ದಪ್ಪ ಆಗತ್ತೆ. ಕೇಳಿಸಿದಾಗ ಹೇಳು."

ಅವಳು ತಲೆ ವಾಲಿಸಿ ಕೇಳಿದಳು. "ನ್ಸಿಮಾ ತಿರುವೋವಾಗ ಗಂಜಿ ಮುದ್ದೆ ಆಗೋ ಮುಂಚೆ ಸದ್ದು ಬದಲಾಗತ್ತಲ್ಲ, ಹಾಗಾ?"

ಯೋತಮು ಜೀವಮಾನದಲ್ಲಿ ನ್ಸಿಮಾ ತಿರುವಿದವನಲ್ಲ. ಆದರೂ ಹೌದು, ಹಾಗೇ ಅಂದ.

"ಆಯ್ತು. ಈಗ," ಅಂದಳು.

ಅವನು ಬ್ರೇಕು ಬಿಟ್ಟ. ಗಾಡಿ ಹಿಂದಕ್ಕೆ ಒಂದು ಕೂದಲೂ ಜಾರದೆ, ಮೂಗೆತ್ತಿ ಮುಂದಕ್ಕೆ ಹೊರಟಿತು. ಕೆಟ್ಟ ಲಾರಿಯ ಪಕ್ಕದಲ್ಲೇ ನುಸುಳಿ, ತಿರುವು ಹತ್ತಿ, ಆಚೆಗೆ ಬಂದಿತು. ಹಿಂದಿದ್ದ ಸೈಕಲ್ಲಿನವರು ಸಿಳ್ಳೆ ಹಾಕಿದರು. ನ್ಯಾಮ್ವಾಲೆಯ ಭುಜಗಳು ಕೆಳಗಿಳಿದವು, ಸ್ಟಿಯರಿಂಗ್ ಹಿಡಿದ ಬೆರಳು ಸಡಿಲವಾದವು. ಮುಂದಿನ ತಿರುವಿಗೆ ಅವನು ಹೇಳುವ ಮೊದಲೇ ಗೇರು ಇಳಿಸಿದಳು.

ಹೇಳುವುದಕ್ಕೆ ಏನೂ ಉಳಿಯದೆ ಯೋತಮು ಕಿಟಕಿಯ ಹೊರಗೆ ನೋಡಿದ. ನೋಡಿದವನು ನೋಡುತ್ತಲೇ ಉಳಿದ. ಕೆಳಗೆ, ಕಾಡು ಹರಿದಲ್ಲಿ, ಸರೋವರವಿತ್ತು. ಬೆಳಗಿನ ಬಿಸಿಲಿಗೆ ಅದು ತಗಡಿನ ಹಾಗೆ ಹೊಳೆಯುತ್ತ ಆಕಾಶದವರೆಗೂ ಹಬ್ಬಿತ್ತು. ಅದರ ಮೇಲೆ ಎರಡು ದೋಣಿಗಳು ಎಳ್ಳುಕಾಳಿನಷ್ಟು ಕಾಣುತ್ತಿದ್ದವು. ಈ ತಿರುವನ್ನು ಅವನು ಸಾವಿರಾರು ಸಲ ಹತ್ತಿದ್ದ, ಇಳಿದಿದ್ದ. ಹಿಂದೆ ಕೂತ ಸಾಹೇಬರುಗಳು ಇಲ್ಲಿಗೆ ಬಂದಾಗ ಮಾತು ನಿಲ್ಲಿಸುತ್ತಿದ್ದರು. ಅದು ಯಾಕೆಂದು ಅವನಿಗೆ ತಿಳಿದಿರಲಿಲ್ಲ. ಅವನ ಕಣ್ಣು ಯಾವಾಗಲೂ ಡಾಂಬರಿನ ಮೇಲೆಯೇ ಇರುತ್ತಿತ್ತು.

"ಏನಾಯ್ತು? ನೋವಾ?" ಅಂದಳು ಹೆಂಡತಿ.

"ಏನಿಲ್ಲ. ನೀನು ರಸ್ತೆ ನೋಡು."

ಘಟ್ಟ ಮುಗಿದು ರಸ್ತೆ ನೇರವಾದಾಗ ಗಂಟೆ ಹನ್ನೊಂದು ದಾಟಿತ್ತು. ಇನ್ನೂ ಹದಿನೈದು ಮೈಲಿ. ಈ ನಡಿಗೆಯಲ್ಲಿ ಹೋದರೆ ಹನ್ನೆರಡಕ್ಕೆ ಮುಟ್ಟುವುದು ಸುಳ್ಳು. ಮೂರನೇ ಗೇರು ಹಾಕು ಎಂದು ಅವನೇ ಹೇಳಿದ, ಆಮೇಲೆ ನಾಲ್ಕನೆಯದು. ಮುಳ್ಳು ನಲವತ್ತಕ್ಕೆ ಬಂತು, ಐವತ್ತಕ್ಕೆ ಬಂತು. ಅವನು ಹುಡುಗನಂತೆ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದ. ಅರವತ್ತು ಅಂದಾಗ ಅವಳು ಗಹಗಹಿಸಿ ನಕ್ಕಳು. ತಲೆವಸ್ತ್ರ ಗಾಳಿಗೆ ಬಿಚ್ಚಿ ಹಿಂದಿನ ಸೀಟಿಗೆ ಹಾರಿತು. ಅದನ್ನು ಹಿಡಿಯಲು ಇಬ್ಬರೂ ಹೋಗಲಿಲ್ಲ.

ಎಣಿಕೆಯ ಕಚೇರಿಯ ಅಂಗಳಕ್ಕೆ ಅವರು ನುಗ್ಗಿದ್ದು ಹನ್ನೆರಡಕ್ಕೆ ಹದಿನೈದು ನಿಮಿಷ ಇದ್ದಾಗ. ಕಾವಲುಗಾರ ಕೈ ಅಡ್ಡ ಹಿಡಿದ. ನ್ಯಾಮ್ವಾಲೆಗೆ ಇನ್ನೂ ಥಟ್ಟನೆ ನಿಲ್ಲಿಸುವುದು ಅಷ್ಟಾಗಿ ಬರುತ್ತಿರಲಿಲ್ಲ. ಅವಳು ಹಾರನ್ ಒತ್ತಿಕೊಂಡೇ ಮೆಟ್ಟಿಲವರೆಗೆ ಬಂದಳು. ನೀಲಗಿರಿ ಮರದ ಕೆಳಗೆ ಕೂತಿದ್ದ ಮುದುಕ ಮುದುಕಿಯರೆಲ್ಲ ಎದ್ದು ನಿಂತರು. ಗುಮಾಸ್ತನೊಬ್ಬ ದಫ್ತರ ಹಿಡಿದು ಹೊರಗೆ ಓಡಿಬಂದ. ಪ್ಲಾಸ್ಟರ್ ಕಂಡು, ಇಳಿಯಬೇಡಿ, ಅಲ್ಲೇ ಕೂತಿರಿ ಎಂದು ಕಿಟಕಿಗೇ ಬಂದು ಹೆಸರು ಹುಡುಕಿದ.

"ಲೊಂಗ್ವೆ, ಯೋತಮು. ಡ್ರೈವರ್. ಬದುಕಿದ್ದೀರಾ, ಮುದುಕಪ್ಪಾ?"

"ಇವತ್ತಿನಷ್ಟು ಯಾವತ್ತೂ ಬದುಕಿರಲಿಲ್ಲ ಕಣಪ್ಪ," ಅಂದ ಯೋತಮು. ಕಿಟಕಿಯಿಂದ ಕೈ ಚಾಚಿ ಹೆಬ್ಬೆಟ್ಟು ಒತ್ತಿದ.

ಆ ಗದ್ದಲಕ್ಕೆ ಎದ್ದು ಬಂದವರಲ್ಲಿ ಒಬ್ಬರು ಹತ್ತಿರ ಬಂದು ಕನ್ನಡಕ ಸರಿಪಡಿಸಿಕೊಂಡರು. ತೆಳ್ಳಗಿನ ಎತ್ತರದ ಮನುಷ್ಯ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಯೋತಮು ಕೂತಲ್ಲೇ ಸೆಟೆದುಕೊಂಡ. ಹನ್ನೊಂದು ವರ್ಷ ಅವನು ಯಾರ ಗಾಡಿ ಓಡಿಸಿದ್ದನೋ ಆ ಜಿಲ್ಲಾಧಿಕಾರಿ ಗೊಂಡ್ವೆ ಅವರು. ಬುಧವಾರ ಯಾರದೋ ಲಾರಿಯಲ್ಲಿ ಬಂದು ಎಣಿಸಿಕೊಂಡಿದ್ದರಂತೆ. ಬಸ್ಸಿಲ್ಲದೆ ಎರಡು ದಿನದಿಂದ ಇಲ್ಲೇ ಸಿಕ್ಕಿಕೊಂಡು, ಸರೋವರದ ದಂಡೆಯ ಊರಾದ ಚಿಂತೇಚೆಯಲ್ಲಿನ ತಮ್ಮ ಮನೆಯ ಕಡೆ ಹೋಗುವ ಗಾಡಿ ಸಿಗಬಹುದೇ ಎಂದು ಬೆಳಗಿನಿಂದ ಮರದಡಿ ಕಾಯುತ್ತಿದ್ದರು. ಮನೆಯಲ್ಲಿ ಹೆಂಡತಿ ಒಬ್ಬಳೇ, ಫೋನಿನಲ್ಲಿ ದಿನಾ ಬೈಯುತ್ತಿದ್ದಾಳೆ ಎಂದು ನಗುತ್ತ ಹೇಳಿದರು. ಮೊದಲೆಲ್ಲ ಅವರು ಹೀಗೆ ಮನೆಯ ಮಾತು ಆಡಿದ್ದನ್ನು ಯೋತಮು ಕೇಳಿರಲಿಲ್ಲ.

ಅವನು ಊರುಗೋಲು ಹುಡುಕಿ, ಇಳಿದು ಹಿಂದಿನ ಬಾಗಿಲು ತೆರೆಯಲು ಹೊರಟ. ಗೊಂಡ್ವೆ ಅವನ ಭುಜ ಹಿಡಿದು ಕೂರಿಸಿ, ಬಾಗಿಲನ್ನು ತಾವೇ ತೆರೆದುಕೊಂಡರು.

"ನ್ಯಾಮ್ವಾಲೆ, ನಂಗೊಂದು ಜಾಗ ಇದೆಯಾ?"

"ಇದೆ, ಸಾಹೇಬ್ರೇ. ಬೆಲ್ಟ್ ಹಾಕ್ಕೊಳ್ಳಿ. ಘಟ್ಟದಲ್ಲಿ ಯಾರೂ ಮಾತಾಡೋ ಹಾಗಿಲ್ಲ."

"ನಾನು ಇವನಿಗೆ ಹನ್ನೊಂದು ವರ್ಷ ನಿಧಾನ ನಿಧಾನ ಅಂತ ಹೇಳಿದೋನು," ಅಂದರು ಗೊಂಡ್ವೆ. "ಇವತ್ತು ಬಾಯಿ ಮುಚ್ಕೊಂಡು ಕೂರ್ತೀನಿ."

ಘಟ್ಟ ಇಳಿಯುವಾಗ ಅವರು ಮಾತು ಉಳಿಸಿಕೊಂಡರು. ಆದರೆ ಒಂದೆರಡು ತಿರುವಿನಲ್ಲಿ ಹಿಂದಿನಿಂದ ಅವರು ದೇವರ ಹೆಸರು ಹೇಳುವುದು ಯೋತಮುವಿಗೆ ಕೇಳಿಸಿತು. ಅವನಿಗೆ ಒಳಗೊಳಗೇ ಹಿಗ್ಗು. ಹಿಂದೆ ತಿರುಗಿ, ಅಲ್ಲಿ ನೋಡಿ ಸಾರ್, ಸರೋವರ ಎಂದು ತೋರಿಸಿದ. ಈಗ ನಿನಗೂ ಪುರುಸೊತ್ತಾಯಿತೇ ಎಂದು ಅವರು ಕೇಳಿದರು. ಇಬ್ಬರೂ ಒಂದೇ ಕಡೆಯ ಕಿಟಕಿಗಳಿಂದಾಚೆ ಕತ್ತು ಚಾಚಿ ನೋಡಿದರು.

ಕೆಳಗೆ ದಾರಿ ಕವಲೊಡೆಯುವಲ್ಲಿಗೆ ಬಂದಾಗ ಬಿಸಿಲು ವಾಲಿತ್ತು. ಎಡಕ್ಕೆ ಯೋತಮುವಿನ ಮನೆ, ಬಲಕ್ಕೆ ಚಿಂತೇಚೆಯ ದಾರಿ. ಗೊಂಡ್ವೆ ಚೀಲ ಎತ್ತಿಕೊಂಡು, ಇಲ್ಲೇ ಇಳಿಸಿ, ಬಾಡಿಗೆ ಸೈಕಲ್ ಹಿಡಿಯುತ್ತೇನೆ ಎಂದರು. ನ್ಯಾಮ್ವಾಲೆ ಗಾಡಿ ನಿಲ್ಲಿಸಿದಳು. ಗಂಡನ ಕಡೆ ತಿರುಗಿ, ಎಣ್ಣೆ ಎಷ್ಟಿದೆ ಎಂದು ಕೇಳಿದಳು. ಹೋಗಿ ಬರುವಷ್ಟಿದೆ ಎಂದ. ಆ ಕಡೆಯ ರಸ್ತೆ ಹೇಗಿದೆ? ಸರೋವರದ ಪಕ್ಕದಲ್ಲೇ, ಸಮತಟ್ಟು. ಕತ್ತಲಾಗುವುದಕ್ಕೆ ಎಷ್ಟು ಹೊತ್ತಿದೆ? ಬೇಕಾದಷ್ಟಿದೆ.

ಆಡಿಗೆ ಮೇವು ಹಾಕಲು ನೆರೆಯವಳಿಗೆ ಫೋನು ಮಾಡಿ ಎಂದು ಹೇಳಿ ಅವಳು ಬಲಕ್ಕೆ ತಿರುಗಿಸಿದಳು. ಗೊಂಡ್ವೆ ಚೀಲವನ್ನು ಮತ್ತೆ ಕೆಳಗಿಟ್ಟರು. ಮರಗೆಣಸಿನ ಹೊಲಗಳು ಎರಡೂ ಕಡೆ ಹಿಂದಕ್ಕೆ ಸರಿಯತೊಡಗಿದವು. ಕಣ್ಣಿಗೆ ಕಾಣುವವರೆಗೂ ರಸ್ತೆ ಖಾಲಿ ಬಿದ್ದಿತ್ತು.

"ಇದಕ್ಕೆ ಐದನೇ ಗೇರೂ ಇದೆಯಾ?" ಅಂದಳು ನ್ಯಾಮ್ವಾಲೆ.

ಯೋತಮು ಗೇರಿನ ಗುಂಡಿಯ ಮೇಲಿದ್ದ ಅವಳ ಕೈ ಮೇಲೆ ತನ್ನ ಕೈಯಿಟ್ಟು, ಬಲಕ್ಕೆ ಒಂದಿಷ್ಟು ತಳ್ಳಿ, ಮುಂದಕ್ಕೆ ನೂಕಿದ.