ಎಲೆಯಿಲ್ಲದ ಬಂದೂಕು

ಆಸ್ಟ್ರಿಯಾದ ನಮ್ಮ ಫೆರ್ಲಾಖ್ ಊರಿನಲ್ಲಿ ಬಂದೂಕಿನ ಮೇಲೆ ಅಂಗಡಿಯವನ ಹೆಸರಿರುತ್ತದೆ, ಮಾಡಿದವರದಲ್ಲ. ನನ್ನ ಗಂಡ ಕ್ವಿರಿನ್ ಉಕ್ಕಿಗೆ ಅರ ಹಾಕಿ ರೂಪ ಕೊಡುತ್ತಿದ್ದರು. ನಾನು ಅದರ ಮೇಲೆ ಓಕ್ ಎಲೆ, ಸಾರಂಗ, ಬೇಟೆನಾಯಿ ಕೆತ್ತುತ್ತಿದ್ದೆ. ಒಂದೇ ಕಿಟಕಿ, ಎರಡು ಮೇಜು, ಮದುವೆಯಾದಾಗಿನಿಂದ ಒಂದೇ ಜಗಳ.

"ಒಳ್ಳೇ ಬಂದೂಕಿಗೆ ಮೈಕಟ್ಟೇ ಚಂದ ಕಣೇ. ಒಡವೆ ಹೇರಿದ್ರೆ ಸೊಟ್ಟ ಮೂಗು ನೆಟ್ಟಗಾಗುತ್ತಾ?" ಎನ್ನುತ್ತಿದ್ದರು.

"ನಿಮ್ಮ ಅರ ಜಾರಿದ ಕಡೆಯೆಲ್ಲಾ ಎಲೆ ಹಾಕಿ ಮಾನ ಉಳಿಸಿದೋಳು ಯಾರು?" ಎಂದರೆ ಮತ್ತೆ ಅರ ಎತ್ತಿಕೊಳ್ಳುತ್ತಿದ್ದರು.

ನಮ್ಮ ಕೇರಿಯ ರೂಢಿಯೇ ಅದು. ಗೀರು ಬಿದ್ದಲ್ಲಿ ಎಲೆ ಕೆತ್ತಿ ಮುಚ್ಚುತ್ತೇವೆ.

ಅವರು ಆಸೆಪಟ್ಟಿದ್ದ ಕೆಲಸ ಈ ಚಳಿಗಾಲದಲ್ಲಿ ಬಂತು. ಕ್ಲಾಗನ್‌ಫುರ್ಟಿನ ಡಾಕ್ಟರೊಬ್ಬರಿಗೆ ಒಂದೂ ಕೆತ್ತನೆಯಿಲ್ಲದ ಬಂದೂಕು ಬೇಕಿತ್ತು. ಕ್ವಿರಿನ್ ಕೆಮ್ಮುತ್ತಲೇ ಅರ ಹಿಡಿದರು. ಕೆಲಸ ಮುಗಿಯಿತು, ಅದರ ಹಿಂದೆಯೇ ಅವರೂ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದು ಆ ಬಂದೂಕನ್ನು ಕೈಗೆತ್ತಿಕೊಂಡೆ. ಹೊಟ್ಟೆಕಿಚ್ಚಾಗುವಷ್ಟು ಚಂದವಿತ್ತು. ಅಡಿಯಲ್ಲಿ ಮಾತ್ರ ಒಂದು ಸಣ್ಣ ಗೀರು. ಕೆಮ್ಮು ಬಂದಾಗ ಅರ ಜಾರಿರಬೇಕು. ಉಜ್ಜಿ ತೆಗೆದರೆ ಉಕ್ಕಿನ ಆ ಬಳುಕೇ ಹೋಗುತ್ತದೆ.

ಬಂದೂಕು ನೋಡಲು ಮನೆಗೆ ಬಂದ ಅಂಗಡಿಯ ಯಜಮಾನ ಟ್ರಾಟ್ನಿಗ್ ಕಣ್ಣಿಗೂ ಅದು ಬಿತ್ತು. "ಒಂದೇ ಒಂದು ಎಲೆ ಹಾಕಮ್ಮ. ಹಿಂಗೇ ಕಳಿಸಿದ್ರೆ ಜನ ನಗ್ತಾರೆ. ಸತ್ತೋರ ಮಾನ ನೋಡು."

ಉಳಿ ಹಿಡಿದು ಕೂತೆ. ಎಲೆ ಹಾಕಿದರೆ ಅವರ ಆಸೆ ಕೆಡುತ್ತದೆ, ಹಾಕದಿದ್ದರೆ ಮಾನ ಹೋಗುತ್ತದೆ. "ಏನ್ ಮಾಡ್ಲಿ, ಹೇಳ್ರೀ" ಎಂದು ಪಕ್ಕದ ಮೇಜನ್ನು ಕೇಳಿದೆ. ಜಗಳಕ್ಕೂ ಒಬ್ಬರಿಲ್ಲದ್ದು ಒಂದು ಮನೆಯೇ? ಅಳು ಒತ್ತರಿಸಿ ಬಂತು. ಉಳಿ ಕೆಳಗಿಟ್ಟೆ.

ಬಂದೂಕನ್ನು ಹಾಗೆಯೇ ಅಂಗಡಿಗೆ ಒಯ್ದೆ. ಟ್ರಾಟ್ನಿಗ್ ಗೊಣಗುವಷ್ಟರಲ್ಲಿ ಡಾಕ್ಟರು ಬಂದರು. ಉಕ್ಕಿನ ಮೇಲೆ ಹೆಬ್ಬೆರಳು ಓಡಿಸಿದರು. ಬೆರಳು ಗೀರಿನ ಮೇಲೆ ನಿಂತಿತು. ಟ್ರಾಟ್ನಿಗ್ ಮುಖ ಇಂಗು ತಿಂದ ಮಂಗನಂತಾಯಿತು.

"ಇದನ್ನ ಮಾಡಿದ್ದು ಯಾರು?"

"ನಮ್ಮ ಅಂಗಡೀದೇ, ಡಾಕ್ಟ್ರೇ."

"ಅಂಗಡಿ ಗೊತ್ತಪ್ಪ. ಕೈ ಯಾರದು?"

ನನ್ನ ಎಲೆಗಳನ್ನು ಕಂಡು ಕೆತ್ತಿದ್ದು ಯಾರೆಂದು ವಿಚಾರಿಸಿದವರುಂಟು. ನನ್ನ ಗಂಡನ ಕೈಯ ಬಗ್ಗೆ ಯಾರೂ ಕೇಳಿರಲಿಲ್ಲ.

"ನಮ್ಮ ಮನೆಯವರದು. ಕ್ವಿರಿನ್ ಅಂತ," ಎಂದೆ. "ಹೋಗ್ಬಿಟ್ರು."

ಡಾಕ್ಟರು ಟೋಪಿ ತೆಗೆದರು. ಇನ್ನೊಮ್ಮೆ ಗೀರನ್ನು ಸವರಿ, "ಇದು ಹೀಗೇ ಇರಲಿ," ಎಂದು ಬಂದೂಕನ್ನು ಒಯ್ದರು.

ನಾನು ಮನೆಗೆ ಓಡಿದೆ. ಬಾಗಿಲಲ್ಲೇ ಕೂಗಿದೆ: "ರೀ, ನೀವೇ ಗೆದ್ರಿ!"

ಈ ಒಂದು ಮಾತನ್ನು ನನ್ನ ಬಾಯಿಂದ ಕೇಳಲು ಅವರು ಮದುವೆಯಾದಾಗಿನಿಂದ ಕಾದಿದ್ದರು. ಅವರ ಮೇಜಿನ ಮೇಲೆ ಅರಗಳು ಸಾಲಾಗಿ ಮಲಗಿದ್ದವು.