ಮೊಣಕಾಲೆತ್ತರದ ಗೆರೆ

ಊರಲ್ಲಿ ನನ್ನನ್ನು ಸುಣ್ಣದಣ್ಣ ಎನ್ನುತ್ತಾರೆ. ಸುಣ್ಣದ ಕಾಲ ಮುಗಿದು ಡಬ್ಬಿಯ ಬಣ್ಣ ಬಂದು ಇಪ್ಪತ್ತು ವರ್ಷವಾಯಿತು, ಹೆಸರು ಮಾತ್ರ ಅಂಟಿಕೊಂಡೇ ಇದೆ. ಹೊಳೆಗೆ ಮುಖ ಮಾಡಿದ ಎರಡು ಬೀದಿ, ಹಿಂದೆ ದಿಬ್ಬದ ಮೇಲೊಂದು ಬೀದಿ, ಅಷ್ಟೇ ನಮ್ಮೂರು. ಅಲ್ಲಿ ನನ್ನ ಬ್ರಶ್ಶು ಮುಟ್ಟದ ಗೋಡೆಯಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಪೂರ್ತಿ ಕೇಳಿ, ಜಂಬಪಡಲು ಏನೂ ಉಳಿದಿಲ್ಲವೆಂದು ನಿಮಗೇ ಗೊತ್ತಾಗುತ್ತದೆ.

ಹೊಳೆಬೀದಿಯ ಪ್ರತಿ ನಡುಮನೆಯ ಗೋಡೆಯಲ್ಲೂ ಒಂದು ನೀಲಿ ಗೆರೆ ಇದೆ. ದೊಡ್ಡ ನೆರೆಯಲ್ಲಿ ನೀರು ನಿಂತಿದ್ದ ಮಟ್ಟ ಅದು. ಬಣ್ಣ ಹೊಡೆದರೆ ಗೆರೆ ಮುಚ್ಚಿಹೋಗುತ್ತದಲ್ಲ, ಅದಕ್ಕೆ ಒಂದೊಂದು ಮನೆಯ ಎತ್ತರಕ್ಕೂ ಬಿದಿರಿನ ಕೋಲಿನ ಮೇಲೆ ಒಂದೊಂದು ಕಚ್ಚು ಹಾಕಿಟ್ಟುಕೊಂಡು, ಬಣ್ಣ ಒಣಗಿದ ಮೇಲೆ ಗೆರೆಯನ್ನು ಮತ್ತೆ ಎಳೆಯುವುದು ಬಣ್ಣದವನ ಕೆಲಸ. ನಮ್ಮಪ್ಪ ಹಾಗೆ ಮಾಡುತ್ತಿದ್ದ, ನಾನೂ ಮಾಡುತ್ತೇನೆ. ಕಾಳಿನ ಡಬ್ಬ, ಕಾಗದಪತ್ರದ ಪೆಟ್ಟಿಗೆ, ಕರೆಂಟಿನ ಸ್ವಿಚ್ಚು, ಎಲ್ಲವೂ ಗೆರೆಯಿಂದ ಮೇಲೆ. ಒಂದೊಂದು ಮನೆಯ ಪಾಯ ಒಂದೊಂದು ಎತ್ತರ, ಹಾಗಾಗಿ ಪಕ್ಕದ ಮನೆಯ ಗೆರೆಯೊಂದಿಗೆ ಹೋಲಿಸಿ ನೋಡುವವರೂ ಇಲ್ಲ. ಸುಣ್ಣದಣ್ಣ ಎಳೆದಿದ್ದಾನೆ ಅಂದರೆ ಮುಗಿಯಿತು.

ಬೀದಿಯ ಕೊನೆಯ ಮನೆ ನನ್ನ ತಂಗಿಯದು. ಎಲ್ಲಕ್ಕಿಂತ ತಗ್ಗು. ಅಲ್ಲಿ ಗೆರೆ ನನ್ನ ಎದೆಮಟ್ಟಕ್ಕಿತ್ತು, ನೆಲದಿಂದ ಐವತ್ತೊಂದು ಇಂಚು. ಆ ನೆರೆಯಲ್ಲಿ ತಂಗಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ದೋಣಿ ಬರುವವರೆಗೆ ಅರ್ಧ ದಿನ ಮೇಜಿನ ಮೇಲೆ ನಿಂತಿದ್ದಳು. ಆಮೇಲೆ ಬಕೆಟ್ಟಿಗೆ ನೀರು ಬೀಳುವ ಸದ್ದಾದರೂ ಬೆಚ್ಚಿಬೀಳುತ್ತಿದ್ದಳು. ಅವಳ ಗಂಡನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದ್ದೇ ಸಾಕಾಯಿತು, ಮನೆ ಮಾರಲು ನಿಂತರು. ನಾಲ್ಕು ಪಾರ್ಟಿ ಬಂದವು. ಮೊದಲ ಮೂರು ಪಾರ್ಟಿ ಗೆರೆ ನೋಡಿ ನೀರು ಕುಡಿದು ಹೋದವು. ನಾಲ್ಕನೆಯವರು ನೀರನ್ನೂ ಕುಡಿಯಲಿಲ್ಲ.

ಆಗ ತಂಗಿ ನನ್ನ ಹತ್ತಿರ ಬಂದಳು.

"ಅಣ್ಣ, ಹೇಗೂ ಬಣ್ಣ ಹೊಡೀತೀಯಲ್ಲ, ಗೆರೆ ಸ್ವಲ್ಪ ಕೆಳಗೆ ಎಳಿ. ಅಂಥ ನೆರೆ ಇನ್ನೊಂದ್ಸಲ ಎಲ್ಲಿ ಬರುತ್ತೆ?"

ನಾನು ಮುಖಮೂತಿ ನೋಡದೆ ಬೈದೆ. ಅಪ್ಪನ ಹೆಸರೆತ್ತಿ ಬೈದೆ. ಅವಳು ಕೂತು ಸೆರಗಿನ ತುದಿ ಸುತ್ತುತ್ತಲೇ ಇದ್ದಳು. ಒಡಹುಟ್ಟಿದವಳು, ಏನು ಮಾಡಲಿ? ಮೂರನೆಯ ದಿನ ಕೋಲನ್ನು ಮನೆಯಲ್ಲೇ ಬಿಟ್ಟು ಹೋಗಿ, ಕಣ್ಣಳತೆಯಲ್ಲೇ ಮೊಣಕಾಲೆತ್ತರಕ್ಕೆ ಒಂದು ಗೆರೆ ಎಳೆದು ಬಂದೆ. ನಾಚಿಕೆಗೇಡಿ ಕೆಲಸವಾದರೂ ನೀಟಾಗಿಯೇ ಮಾಡಿದ್ದೆ. ಹಳೆಯ ಗೆರೆ ಕಾಣದಿರಲೆಂದು ಮೂರು ಕೋಟು ಹೊಡೆದಿದ್ದೆ.

ಐದನೆಯದಾಗಿ ಬೇರೆ ಊರಿಂದ ಬಂದವಳು ಟೈಲರಮ್ಮ. ನಲವತ್ತು ದಾಟಿದವಳು, ಮದುವೆಯಾಗಿಲ್ಲ, ಜೊತೆಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲದ ತಾಯಿ. ಹೊಳೆಯ ಗಾಳಿ ಬರುವ ಕಡೆ ಅಮ್ಮನನ್ನು ಮಲಗಿಸಬೇಕು, ಮುಂದಿನ ಕೋಣೆಯಲ್ಲಿ ಮಿಷಿನ್ ಹಾಕಬೇಕು ಎಂದು ಬಾಯ್ತುಂಬ ಹೇಳಿಕೊಂಡಳು. ಕುತ್ತಿಗೆಯಲ್ಲಿ ಸದಾ ಟೇಪು. ಗೆರೆ ಕಂಡದ್ದೇ ಬಗ್ಗಿ ಅಳೆದಳು. ಇಪ್ಪತ್ತು ಇಂಚು.

"ಇದನ್ನ ಎಳೆದವರು ನೀವೇ ಅಂತೆ. ಸರಿಯಾಗಿದೆಯಾ ಅಣ್ಣ?"

"ನಮ್ಮಪ್ಪನ ಕೋಲಿನ ಅಳತೆ," ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತೀರಿ!

ಕಾಗದ ರಿಜಿಸ್ಟರಾಯಿತು. ತಂಗಿ ಊರು ಬಿಟ್ಟಳು. ತನಗೆ ಬೇಡವಾದ ಹೆದರಿಕೆಯನ್ನು ಅವಳು ಇನ್ನೊಬ್ಬಳ ತಲೆಗೆ ಕಟ್ಟಿದಳು, ಗಂಟು ಹಾಕಿಕೊಟ್ಟವನು ನಾನು.

ತಿಂಗಳೊಳಗೆ ಟೈಲರಮ್ಮ ಹೇಳಿಕಳಿಸಿದಳು. ಹೋಗಿ ನೋಡಿದೆ. ನಡುಮನೆಯಲ್ಲಿ ಅಮ್ಮನ ಹಾಸಿಗೆಗೆಂದು ಗಾರೆಯವನಿಂದ ಒಂದು ಕಟ್ಟೆ ಕಟ್ಟಿಸಿದ್ದಳು, ಇಪ್ಪತ್ತಾರು ಇಂಚು ಎತ್ತರ. ಗೆರೆಗಿಂತ ಆರು ಇಂಚು ಜಾಸ್ತಿಯೇ ಇರಲಿ ಎಂದು ಲೆಕ್ಕ ಹಾಕಿದ್ದಳಂತೆ. ಕಟ್ಟೆಗೆ ಬಣ್ಣ ಹೊಡೆಯಲು ನನ್ನನ್ನು ಕರೆದದ್ದು. ನಾನು ಹೇಳಬೇಕಿದ್ದದ್ದು ಅವತ್ತು, ಅಲ್ಲೇ. ಅದರ ಬದಲು ಕೂತು ಕಟ್ಟೆಯ ನಾಲ್ಕೂ ಬದಿಗೆ ತೆಳು ಹಸಿರು ಬಳಿದೆ. ಟೈಲರಮ್ಮನ ತಾಯಿ, ಆ ಅಜ್ಜಿ, ಮೂಲೆಯಲ್ಲಿ ಒರಗಿಕೊಂಡು ನನ್ನ ಕೈಗೆಲಸ ಹೊಗಳುತ್ತಿದ್ದರು. ಮನೆಗೆ ಬಂದರೆ ಆ ಹಾಳು ಕೋಲು ಬಾಗಿಲ ಮೂಲೆಯಲ್ಲಿ ನಿಂತಿತ್ತು. ಅದನ್ನೆತ್ತಿ ಅಟ್ಟಕ್ಕೆ ಎಸೆದೆ.

ಒಂದು ಮಳೆಗಾಲ ಹಾಗೇ ಕಳೆಯಿತು. ದಾರಿಯಲ್ಲಿ ಟೈಲರಮ್ಮ ಎದುರಾದರೆ ನಾನು ಇಲ್ಲದ ಕೆಲಸ ನೆನಪಿಸಿಕೊಂಡು ಪಕ್ಕದ ಓಣಿಗೆ ತಿರುಗುತ್ತಿದ್ದೆ. ಅವಳು ಮಾತ್ರ ನನ್ನ ಹರಿದ ಅಂಗಿ ನೋಡಿ, ಒಂದು ಹೊಸದು ಹೊಲಿದು ಕಳಿಸಿದಳು. ಅದನ್ನು ಇಂದಿಗೂ ಹಾಕಿಲ್ಲ.

ಎರಡನೆಯ ಮಳೆಗಾಲದಲ್ಲಿ ಹೊಳೆ ನಿಜವಾಗಿ ಏರಿತು. ಬೆಳಿಗ್ಗೆ ದೋಣಿಯವನು ಬಂದು, ಮೇಲಿನಿಂದ ಇನ್ನೂ ನೀರು ಬರುತ್ತಿದೆ, ಮಧ್ಯಾಹ್ನದೊಳಗೆ ಬೀದಿಗೆ ನುಗ್ಗುತ್ತದೆ ಎಂದ. ಜನ ಗಂಟುಮೂಟೆ ಹೊತ್ತು ನನ್ನ ಮನೆಯಿರುವ ದಿಬ್ಬ ಹತ್ತತೊಡಗಿದರು. ಬಂದವರಲ್ಲಿ ಟೈಲರಮ್ಮ ಇರಲಿಲ್ಲ. ನಾನು ಅಟ್ಟಕ್ಕೆ ಹತ್ತಿ ಕೋಲು ತೆಗೆದುಕೊಂಡು ಇಳಿಜಾರಿನಲ್ಲಿ ಓಡಿದೆ. ಐವತ್ತೆಂಟು ವರ್ಷದವನು, ಎರಡು ಕಡೆ ಜಾರಿಬಿದ್ದೆ.

ಒಳಗೆ ಮಿಷಿನ್ ಓಡುತ್ತಿತ್ತು. ಬಟ್ಟೆಯ ಗಂಟುಗಳನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟೆಯ ಮೇಲೆ ಅಮ್ಮನ ಕಾಲ ಬಳಿ ಜೋಡಿಸಿದ್ದಳು.

"ನಮಗೇನು ಭಯ ಅಣ್ಣ, ಗೆರೆಗಿಂತ ಆರು ಇಂಚು ಮೇಲಿದೀವಿ," ಎಂದಳು.

ನಾನು ಕೋಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಆ ಮನೆಯ ಕಚ್ಚಿನ ಮೇಲೆ ಬೆರಳಿಟ್ಟೆ.

"ಗೆರೆ ಸುಳ್ಳು ಕಣಮ್ಮಾ. ಇದು ನಿಜ. ಬೇಕಂತಲೇ ಕೆಳಗೆ ಎಳೆದೆ."

ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಅವಳು ಕುತ್ತಿಗೆಯಿಂದ ಟೇಪು ತೆಗೆದು ನೆಲದಿಂದ ನನ್ನ ಬೆರಳಿನವರೆಗೆ ಅಳೆದಳು. ಐವತ್ತೊಂದು. ಮಲಗಿದ ಅಮ್ಮನನ್ನು ನೋಡಿದಳು, ಮತ್ತೆ ಟೇಪು ನೋಡಿದಳು.

"ಮೊದಲು ಅಮ್ಮನ್ನ ಎತ್ತಿ," ಎಂದಳು.

ಬೆಡ್‌ಶೀಟಿನಿಂದ ಅಜ್ಜಿಯನ್ನು ನನ್ನ ಬೆನ್ನಿಗೆ ಕಟ್ಟಿದಳು. ಅಷ್ಟರಲ್ಲಿ ಬೀದಿಗೆ ನೀರು ನುಗ್ಗಿತ್ತು, ಮೊಣಕಾಲುದ್ದ ನೀರಿನಲ್ಲಿ ಬೀದಿ ದಾಟಿ ದಿಬ್ಬ ಹತ್ತಿದೆ. ಅಜ್ಜಿಗೆ ಕಿವಿ ಮಂದ, ನಾವಾಡಿದ್ದು ಒಂದೂ ಕೇಳಿಸಿರಲಿಲ್ಲ. ದಾರಿಯುದ್ದಕ್ಕೂ ನನ್ನ ತಲೆ ಸವರುತ್ತಾ, ಮಗಾ ನಿಧಾನ, ಮಗಾ ನಿಧಾನ ಎನ್ನುತ್ತಿದ್ದರು.

ಮೂರನೆಯ ದಿನ ನೀರಿಳಿದ ಮೇಲೆ ನಾವಿಬ್ಬರೂ ಹೋಗಿ ನೋಡಿದೆವು. ಹಾಸಿಗೆ ನೆಲದಲ್ಲಿ ಕೆಸರಾಗಿ ಬಿದ್ದಿತ್ತು. ಗೋಡೆಯ ಹಸಿ ಗುರುತಿಗೆ ಅವಳೇ ಟೇಪು ಹಿಡಿದಳು, ಮೂವತ್ತೆಂಟು. ಕಟ್ಟೆಯಿಂದ ಒಂದು ಅಡಿ ಮೇಲೆ. ಅವಳಿಗೆ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಸುಳ್ಳು ಗೆರೆ ಅಳಿಸಿ ಹಳೆಯ ಜಾಗದಲ್ಲಿ ಎಳೆಯಿರಿ ಎಂದಳು. ನಾನು ಎಳೆದು ಮುಗಿಸಿದ ಮೇಲೆ ಅದನ್ನೂ ಅಳೆದಳು.

ಮನೆಯನ್ನು ನಾನೇ ಕೊಳ್ಳುತ್ತೇನೆ, ಇಲ್ಲವೇ ತಂಗಿಗೆ ವಾಪಸು ತೆಗೆದುಕೊಳ್ಳಲು ಹೇಳುತ್ತೇನೆ ಎಂದು ಏನೇನೋ ಬಡಬಡಿಸಿದೆ. ಎರಡೂ ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಮನೆ ಮಾರಿದ ದುಡ್ಡು ಕರಗಿ ತಂಗಿಯ ಕೈ ಖಾಲಿ, ನನ್ನದು ತುಂಬಿದ್ದು ಯಾವತ್ತು?

"ಇದನ್ನ ನಾನು ಯಾರಿಗೆ ಮಾರಲಿ?" ಎಂದಳು ಟೈಲರಮ್ಮ. "ನನಗೆ ನಿಮ್ಮ ಥರ ಗೆರೆ ಎಳೆಯೋಕೆ ಬರಲ್ಲ."

ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ಅಮ್ಮನಿಗೆ ಏನೂ ಹೇಳಬೇಡಿ. ಅವರಿಗೆ ಈ ಊರಿನ ಜನರ ಮೇಲೆ ತುಂಬಾ ನಂಬಿಕೆ."

ಸುಳ್ಳು ಗೆರೆಯ ವಿಷಯ ಅಜ್ಜಿಯೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಾಯಿತು. ಈಗ ಹೊಳೆಬೀದಿಯವರು ಯಾರೂ ಟೈಲರಮ್ಮನ ಟೇಪಿಲ್ಲದೆ ನನ್ನಿಂದ ಗೆರೆ ಎಳೆಸುವುದಿಲ್ಲ. ಅದು ಸರಿಯೇ. ಮಳೆಗಾಲ ಬಂತೆಂದರೆ ಅಜ್ಜಿ ದಿಬ್ಬದ ಮೇಲೆ ನನ್ನ ಮನೆಯ ಮುಂದಿನ ಕೋಣೆಯಲ್ಲಿರುತ್ತಾರೆ. ಟೈಲರಮ್ಮ ಸಂಜೆ ಬಂದು, ಹೊಲಿಗೆ ಹಿಡಿದು ಅಮ್ಮನ ಪಕ್ಕ ಕೂರುತ್ತಾಳೆ. ಯಾರೇ ನೋಡಲು ಬರಲಿ, ಅಜ್ಜಿ ನನ್ನ ಕೈ ಹಿಡಿದು ಎದುರಿಗೆ ಎಳೆದು ನಿಲ್ಲಿಸುತ್ತಾರೆ.

"ಇವನೇ ನೋಡಿ, ದೇವರ ಹಾಗೆ ಓಡಿ ಬಂದು ನನ್ನ ಜೀವ ಉಳಿಸಿದವನು. ಹೊಟ್ಟೇಲಿ ಹುಟ್ಟಿದ ಮಗ ಇಷ್ಟು ಮಾಡ್ತಿದ್ನಾ?"

ಟೈಲರಮ್ಮ ತಲೆಯೆತ್ತುವುದಿಲ್ಲ. ನಾನು ಹೂಂ ಅಮ್ಮ ಎನ್ನುತ್ತೇನೆ, ಅವರು ಕೈ ಬಿಡುವವರೆಗೆ ಅಲ್ಲೇ ನಿಂತಿರುತ್ತೇನೆ.